ಮೊದಲನೇ ಪಿಕ್ ಯಾವ್ದು ತಗೋಬೇಕು? ಸೆಟ್ಟಿನ್ಯಾಗ ಹದಿನೈದು ಅವ, ಒಂದೂ ಕೆಲಸಕ್ಕ ಬರ್ಲತ್ತಿಲ್ಲ

ತೊಗರಿಕಣಜ (ಕಲಬುರಗಿ):
ಹವ್ಯಾಸಕ್ಕಂತ ಚಾವಿ ಇಲ್ಲದೆ ಕೀಲಿ ತೆರೆಯೋದು ಕಲೀಲತ್ತೀನ್ರಿ. 15 ತುಂಡಿನ ಪಿಕ್ (ಪಿನ್ ಎತ್ತೋ ತೆಳು ಉಕ್ಕಿನ ಕಡ್ಡಿ) ಸೆಟ್ ತರಿಸೀನಿ, ಜೊತಿಗೆ ಒಳಗ ಕಾಣೋ ಪ್ಲಾಸ್ಟಿಕ್ ಕೀಲಿ ಒಂದು ಬಂದದ. ಅದು ಎರಡು ನಿಮಿಷದಾಗ ತೆರೀತದ. ಖರೇ ಕೀಲಿ ಮಾತ್ರ ಒಂದೂ ತೆರಿಯವಲ್ದು.

ಅಲಿಗಢದ ಹಿತ್ತಾಳಿ ಕೀಲಿ: ಪಿಕ್ಕಿಗೆ ಪಿನ್ (ಸ್ಪ್ರಿಂಗ್ ಒತ್ತಿದ ಒಳಗಿನ ಸಣ್ಣ ಕಡ್ಡಿ) ಸಿಗಂಗೇ ಇಲ್ಲ, ಎಂಥದೋ ಪಟ್ಟಿ ಅಲ್ಲಾಡಿದಂಗ ಆಗ್ತದ.
ಬಾಗಿಲಿನಿಂದ ಬಿಚ್ಚಿಟ್ಟ ಹಳೇ ಸಿಲಿಂಡರ್ (ಚಾವಿ ತೂರಿಸೋ ಭಾಗ), 5 ಪಿನ್ನಿಂದು: ಟೆನ್ಷನ್ ಪಟ್ಟಿ (ತೂತಿನ್ಯಾಗ ಇಟ್ಟು ತಿರುಗಿಸಿ ಬಿಗಿ ಹಿಡಿಯೋ ಪಟ್ಟಿ) ಹಾಕಿದ ಮ್ಯಾಲ ಪಿಕ್ಕಿಗೆ ಜಾಗಾನೇ ಉಳಿಯಂಗಿಲ್ಲ. ಜೋರು ಮಾಡಿದ್ರ ಪಿಕ್ ಬಾಗ್ತದ. 2 ಹೋದವು.

ಎಲ್ಲಾದಕ್ಕೂ ನಡೀತದ ಅನ್ನೋ ಒಂದೇ ಪಿಕ್ ತಗೋಬೇಕಂದ್ರ ಯಾವ್ದು?

ಬಿದ್ರಿಅರ (ಬೀದರ್):
ಎಲ್ಲಾದಕ್ಕೂ ನಡೆಯೋ ಪಿಕ್ ಇಲ್ರಿ. ಪಿನ್ ಕೀಲಿಗಳೊಳಗ ಹೆಚ್ಚಿನವಕ್ಕ ನಡೆಯೋದು ಸಣ್ಣ ಕೊಕ್ಕಿ, ಅಂದ್ರ ಶಾರ್ಟ್ ಹುಕ್. ಆದ್ರ ಮೊದಲ ಕೀಲಿ ಯಾವ ಜಾತಿದು ನೋಡ್ರಿ.

ನಿಮ್ಮ ಹಿತ್ತಾಳಿ ಕೀಲಿಯ ಚಾವಿ ಕೈಯಾಗ ಹಿಡೀರಿ. ದುಂಡನ ಕಡ್ಡಿ, ತುದಿಗೆ ಬದಿಗೆ ಚಾಚಿದ ಹಲ್ಲು ಇದ್ರ ಅದು ಹೆಚ್ಚಾಗಿ ಲಿವರ್ ಕೀಲಿ. ಅದರೊಳಗ ಪಿನ್ನೇ ಇರಂಗಿಲ್ಲ, ಒಂದರ ಮ್ಯಾಲ ಒಂದು ತೆಳು ಪಟ್ಟಿ ಇರ್ತಾವ. ನಿಮಗ ಅಲ್ಲಾಡಿದ್ದು ಅದೇ. ಪ್ರತಿ ಪಟ್ಟಿಯ ಕಚ್ಚು ಸಾಲಿಗೆ ಬಂದ್ರ ಬೋಲ್ಟ್ ಸರೀತದ. ಅದಕ್ಕ ಒಂದು ತಂತಿ ಬೋಲ್ಟ್ ಒತ್ತಿ ಹಿಡಿದು, ಇನ್ನೊಂದು ಪಟ್ಟಿ ಎತ್ತೋ ಜೋಡಿ ಸಾಧನ ಬೇಕು. 1851ರಾಗ ಲಂಡನ್ನಿನ್ಯಾಗ ಚಬ್ ಕಂಪನಿಯ ಲಿವರ್ ಕೀಲಿ ತೆರೆದು ತೋರಿಸಿದ ಅಮೆರಿಕದ ಕೀಲಿಗಾರ ಹಾಬ್ಸ್ ಹೆಸರಿನ್ಯಾಗೇ ಆ ಸಾಧನ ಕರೀತಾರ. ಅದನ್ನ ಈಗ ಬಿಡ್ರಿ, ಮೊದಲ ಪಿನ್ ಕಲೀರಿ. ಚಪ್ಪಟಿ ಚಾವಿ, ಅಂಚಿನುದ್ದಕ್ಕೂ ಗರಗಸದಂಗ ಕಚ್ಚು, ಡೊಂಕು ಸೀಳಿನ ತೂತು: ಅದು ಪಿನ್ ಕೀಲಿ. ಚಾವಿಯ ಮೈಮ್ಯಾಲ ಗುಳಿ ಇದ್ರ ಡಿಂಪಲ್, ಅದೂ ಬ್ಯಾಡ.

(ನಮ್ಮ ಕಡೆ ಕೀಲಿ ಅಂದ್ರ ಬೀಗ, ಚಾವಿ ಬ್ಯಾರೆ. ಬೆಂಗಳೂರು ಕಡೆಯವರು ಓದಿ ತಲಿ ಕೆಡಿಸ್ಕೋಬಾರದಂತ ಹೇಳ್ದೆ.)

ಭೀಮಾದಂಡೆ (ಯಾದಗಿರಿ):
ಎರಡನೇ ತೊಂದರೆ ಪಿಕ್ಕಿನದಲ್ಲ, ಟೆನ್ಷನ್ ಪಟ್ಟಿಯದು. ಸೆಟ್ಟಿನಲ್ಲಿ ಬರುವ ಅಗಲ ಪಟ್ಟಿಗಳು ಪಿನ್ ಇಲ್ಲದ ಬದಿಯಲ್ಲಿ, ತೂತಿನ ಖಾಲಿ ಜಾಗದಲ್ಲಿ ಕೂರುತ್ತವೆ. ಪಿಕ್ ಓಡಾಡಬೇಕಾದ ಜಾಗವೇ ಅದು. ಪಿನ್ ಇರುವ ಬದಿಯ ಅಂಚಿಗೆ ಕೂರುವ ಚಪ್ಪಟೆ ಪಟ್ಟಿ ಬಳಸಿ, ದಪ್ಪ 1 ಮಿಮೀಯಿಂದ 1.25 ಮಿಮೀ. ತುದಿ 2–3 ಮಿಮೀ ಮಾತ್ರ ಒಳಗೆ ಹೋಗಬೇಕು. ಹೆಚ್ಚಾದರೆ ಮೊದಲ ಪಿನ್ನಿಗೆ ತಾಗಿ, ಅದು ಏಳುವುದೇ ಇಲ್ಲ. ಪಟ್ಟಿ ಸಡಿಲವಾಗಿ ಜಾರಿದರೂ ಕೆಲಸ ಕೆಟ್ಟಿತು, ತೂತಿನ ಅಗಲಕ್ಕೆ ಸರಿಯಾಗಿ ಅರದಿಂದ ತಿಕ್ಕಿಕೊಳ್ಳಿ. ಕಾರಿನ ಹಳೆ ವೈಪರ್ ರಬ್ಬರಿನೊಳಗಿನ ಸ್ಟೀಲ್ ಪಟ್ಟಿ ಇದಕ್ಕೆ ಚೆನ್ನಾಗಿ ಒದಗುತ್ತದೆ. ಗ್ಯಾರೇಜಿನಲ್ಲಿ ಕೇಳಿದರೆ ಸುಮ್ಮನೆ ಕೊಡುತ್ತಾರೆ.

ಪಿಕ್ ವಿಷಯಕ್ಕೆ ಬಂದರೆ, ನನ್ನ ಮತವೂ ಸಣ್ಣ ಕೊಕ್ಕೆಗೇ. ಅರ್ಧ ವಜ್ರ ಎನ್ನುವ ತ್ರಿಕೋನ ಮೂತಿಯದನ್ನು ಎಲ್ಲಕ್ಕೂ ಬರುತ್ತದೆಂದು ಮಾರುತ್ತಾರೆ. ಅದರಲ್ಲಿ ಪಿನ್ನನ್ನೂ ಎತ್ತಬಹುದು, ಎಲ್ಲ ಪಿನ್ನಿನ ಮೇಲೆ ಒಮ್ಮೆಗೇ ಗೀರಿ ಎಳೆಯಲೂಬಹುದು, ನಿಜ. ಆದರೆ ಉದ್ದ ಪಿನ್ನಿನ ಹಿಂದೆ ಗಿಡ್ಡ ಪಿನ್ ಅಡಗಿದ್ದರೆ ವಜ್ರದ ಇಳಿಜಾರು ಮುಂದಿನ ಪಿನ್ನನ್ನೂ ಜೊತೆಗೇ ಎತ್ತಿಬಿಡುತ್ತದೆ.

ತಗೊಳ್ಳುವಾಗ ಮೂರು ವಿಷಯ ನೋಡಿ. ಕೊಕ್ಕೆಯ ತುದಿ ಕಾಂಡಕ್ಕಿಂತ ಸುಮಾರು 2 ಮಿಮೀ ಮೇಲಿರಲಿ. ದಪ್ಪ 0.6 ಮಿಮೀ ಆಸುಪಾಸು ಇದ್ದರೆ ಕಲಿಯುವವರಿಗೆ ಗಟ್ಟಿ. ಇಕ್ಕಟ್ಟಿನ ಸೀಳು ಇದ್ದರೆ 0.45–0.5 ಮಿಮೀ. ತುದಿ ದುಂಡಗೆ ನಯವಾಗಿರಲಿ. ಸೆಟ್ಟಿನ ಉಳಿದವನ್ನು ಡಬ್ಬಿಯಲ್ಲೇ ಬಿಡಿ.

ಬಿದ್ರಿಅರ (ಬೀದರ್):
ಕೊಂಡುಕೊಳ್ಳೋದಕ್ಕಿಂತ ಮಾಡ್ಕೋರಿ ಅಂತೀನಿ. ಹ್ಯಾಕ್‌ಸಾ ಬ್ಲೇಡ್ 12 ಇಂಚಿಂದು, ದಪ್ಪ 0.63 ಮಿಮೀ ಇರ್ತದ, ಪಿಕ್ಕಿಗೆ ಅಳತಿ ಮಾಡಿ ಇಟ್ಟಂಗ. ಒಂದು ಬ್ಲೇಡಿನ್ಯಾಗ ಎರಡು ಪಿಕ್ ಬರ್ತಾವ. ಹಲ್ಲು ಪೂರಾ ತಿಕ್ಕಿ ತೆಗೀರಿ, ಮಾರ್ಕರಿನಿಂದ ಕೊಕ್ಕಿ ಬರೀರಿ, ಗ್ರೈಂಡರಿನ್ಯಾಗ ಒರಟಾಗಿ ಕಡೀರಿ.

ತಪ್ಪೋದು ಇಲ್ಲೇ ನೋಡ್ರಿ. ಗ್ರೈಂಡರಿಗೆ ಹಿಡಿದು ಎರಡು ಸೆಕೆಂಡಿಗೊಮ್ಮೆ ನೀರಿನ್ಯಾಗ ಅದ್ದಬೇಕು. ಅಂಚು ನೀಲಿ ಬಣ್ಣಕ್ಕ ತಿರುಗಿತಂದ್ರ ಉಕ್ಕಿನ ಹದ ಹೋಯ್ತು, ಮುಂದ ಅದು ತಂತಿಯಂಗ ಬಾಗ್ತದ. ಬರೀ ಕೈಲೆ ಹಿಡಿದು ಮಾಡಿದ್ರ ಬಿಸಿ ತಿಳೀತದ. ಬೆರಳಿಗೆ ಸಹಿಸಲಾರದಷ್ಟು ಆಯ್ತಂದ್ರ ಅದ್ದು. ಕಣ್ಣಿಗೆ ಕನ್ನಡಕ ಇರ್ಲಿ, ಬ್ಲೇಡ್ ಸಿಡೀತದ. ಕೊನೀಗೆ ನೀಡಲ್ ಫೈಲ್, ಆಮ್ಯಾಲ 400, 800, 1000 ನಂಬರಿನ ಎಮರಿ ಕಾಗದ. ಒರಟು ಉಳಿದ್ರ ಪಿನ್ನಿಗೆ ತಾಕಿದ್ದೋ ಗೋಡಿಗೆ ತಾಕಿದ್ದೋ ಕೈಗೆ ಗೊತ್ತಾಗಂಗಿಲ್ಲ. ಬಿದ್ರಿ ಕೆಲಸದ ಮಂದಿ ಬೆಳ್ಳಿ ತಂತಿ ಕೂಡಿಸೋಕ ಮುಂಚೆ ಪಾತ್ರೆ ಮೈ ನಯ ಮಾಡ್ತಾರಲ್ಲ, ಅಷ್ಟು ತಾಳ್ಮಿ ಇದಕ್ಕೂ ಬೇಕು.

ತೊಗರಿಕಣಜ (ಕಲಬುರಗಿ):
ಹಿತ್ತಾಳಿ ಚಾವಿ ನೋಡ್ದೆ, ದುಂಡಂದೇ ಅದ. ಲಿವರ್ರೇ ಇದು. ಸಿಲಿಂಡರಿಗೆ ವೈಪರ್ ಪಟ್ಟಿ ಹಾಕ್ದೆ, ಈಗ ಪಿಕ್ ಹಿಂದಿನ ತನಕ ಹೋಗ್ತದ. ಆದ್ರ ಎಲ್ಲಾ ಪಿನ್ನೂ ಬಿಗಿ ಹಿಡಿದಂಗ ಅನಿಸ್ತದ, ಒಂದೂ ಏಳವಲ್ದು.

ಭೀಮಾದಂಡೆ (ಯಾದಗಿರಿ):
ಟೆನ್ಷನ್ ಜಾಸ್ತಿ. ಪ್ಲಗ್ಗಿನ (ಚಾವಿಯ ಜೊತೆ ತಿರುಗುವ ಒಳಗಿನ ಉರುಳೆಯ) ತೂತುಗಳು ಕೊರೆಯುವಾಗ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆಗಿರುತ್ತವೆ. ಅದರಿಂದಲೇ ಒಮ್ಮೆಗೆ ಒಂದೇ ಪಿನ್ ಬಿಗಿಯುತ್ತದೆ, ನಮಗೆ ದಾರಿ ಸಿಗುವುದೂ ಅದರಿಂದಲೇ. ಜೋರಾಗಿ ತಿರುಗಿಸಿದರೆ ಎಲ್ಲವೂ ಕಚ್ಚಿಕೊಳ್ಳುತ್ತವೆ. ಮೊಬೈಲ್ ಪಕ್ಕದ ಗುಂಡಿ ಒತ್ತುವಷ್ಟು ಸಾಕು. ಬೆರಳ ತುದಿ ಬೆಳ್ಳಗಾಗಿದ್ದರೆ ಅದು ಹೆಚ್ಚೇ.

ಪ್ರತಿ ಪಿನ್ನನ್ನೂ ಮುಟ್ಟಿ ಕೇಳಿ. ಸ್ಪ್ರಿಂಗಿನಂತೆ ಪುಟಿದರೆ ಅದರ ಸರದಿ ಬಂದಿಲ್ಲ, ಬಿಡಿ. ಗಟ್ಟಿಯಾಗಿದ್ದರೆ ಅದೇ ಈಗಿನದು, ಟಿಕ್ ಎನ್ನುವವರೆಗೆ ಎತ್ತಿ. ಸ್ಪ್ರಿಂಗಿಲ್ಲದೆ ಸ್ವಲ್ಪವೇ ಆಡಿದರೆ ಕೂತಾಯಿತು. ಎತ್ತರದಲ್ಲಿ ಕಲ್ಲಿನಂತೆ ನಿಂತಿದ್ದರೆ ಮಿತಿಮೀರಿ ಎತ್ತಿದ್ದೀರಿ. ಟೆನ್ಷನ್ ಬಿಡುತ್ತಾ ಬನ್ನಿ, ಅದು ಟಪ್ಪೆಂದು ಬೀಳುತ್ತದೆ.

ಐದು ಪಿನ್ನಿನಿಂದ ಶುರು ಮಾಡಬೇಡಿ. ಸಿಲಿಂಡರನ್ನು ದೊಡ್ಡ ತಟ್ಟೆಯೊಳಗೆ ಬಿಚ್ಚಿ. ನಡುವಿನ ಕ್ಲಿಪ್ ತೆಗೆದು, ಚಾವಿ ಹಾಕಿ ಗಡಿಯಾರದ ಐದು ನಿಮಿಷದಷ್ಟು ತಿರುಗಿಸಿ ಪ್ಲಗ್ ಎಳೆಯಿರಿ. ಸ್ಪ್ರಿಂಗ್ ಹಾರುತ್ತವೆ, ತಟ್ಟೆಯಲ್ಲಿ ಸಿಗುತ್ತವೆ. ಚಾವಿ ತೂರುವ ಬದಿಯ ಮೊದಲ ಪಿನ್ ತೂತಿಗೆ ಮಾತ್ರ ಸ್ಪ್ರಿಂಗ್, ಮೇಲಿನ ಪಿನ್ (ಸ್ಪ್ರಿಂಗಿಗೆ ತಾಗುವುದು) ಹಾಕಿ, ತೆಳು ಬ್ಲೇಡಿನಿಂದ ಒತ್ತಿ ಹಿಡಿದು, ಚಾವಿ ಇರುವ ಪ್ಲಗ್ಗನ್ನು ಅದೇ ಓರೆಯಲ್ಲಿ ಒಳಗೆ ತಳ್ಳಿ. ಎರಡು ಮೂರು ಪಿನ್ನಿಗೆ ಬಂದಾಗ, ಮೇಲಿನ ಪಿನ್ ಜಾರದಂತೆ ತಡೆಯಲು ಪ್ಲಗ್ ದಪ್ಪದ ಕಡ್ಡಿ ಬೇಕು, 8–9 ಮಿಮೀ ತುಂಡುಗಳಾಗಿ ಕತ್ತರಿಸಿದ್ದು. ಉದ್ದದ್ದಾದರೆ ಸಿಲಿಂಡರಿನ ನಡುವಿನ ಸಂದಿನಿಂದ ಹೊರಬೀಳುವುದಿಲ್ಲ.

ಬಿದ್ರಿಅರ (ಬೀದರ್):
ಎಣ್ಣಿ ಹಾಕಬ್ಯಾಡ್ರಿ. ನಮ್ಮ ಕಡೆ ಬ್ಯಾಸಗಿ ಧೂಳು ಅದಕ್ಕ ಅಂಟಿ ಕೆಸರಾಗ್ತದ. ಪೆನ್ಸಿಲಿನ ಗ್ರಾಫೈಟ್ ಪುಡಿ ಒಂದು ಚಿಟಿಕಿ ಸಾಕು.

ಇನ್ನೊಂದು: ಬಳಕಿಯಲ್ಲಿರೋ ಬಾಗಿಲಿನ ಕೀಲಿ ಮುಟ್ಟಬ್ಯಾಡ್ರಿ. ಪಿನ್ ಸಿಕ್ಕಿಕೊಂಡ್ರ ಮನಿ ಹೊರಗ ನಿಲ್ತೀರಿ. ನಿಮ್ಮವೇ ಕೀಲಿ, ಇಲ್ಲಂದ್ರ ಮಾಲೀಕ ಹೂಂ ಅಂದದ್ದು. ಕಿಸೆದಾಗ ಪಿಕ್ ಇಟ್ಕೊಂಡು ರಾತ್ರಿ ತಿರುಗಿದ್ರ ಪೊಲೀಸರು ಕೇಳ್ತಾರ, ಹವ್ಯಾಸ ಅಂದ್ರ ನಂಬಂಗಿಲ್ಲ.

ತೊಗರಿಕಣಜ (ಕಲಬುರಗಿ):
ಒಂದು ಪಿನ್, ಎರಡು ಪಿನ್ ಆಯ್ತ್ರಿ. ಮೂರಕ್ಕ ಪ್ಲಗ್ ಒಂಚೂರು ತಿರುಗಿ ನಿಂತುಬಿಡ್ತದ, ತೆರಿಯಂಗಿಲ್ಲ.

ಭೀಮಾದಂಡೆ (ಯಾದಗಿರಿ):
ಮೂರನೆಯ ಮೇಲಿನ ಪಿನ್ನನ್ನು ತೆಗೆದು ನೋಡಿ, ನಡು ಸಣ್ಣಗಿದ್ದು ನೂಲಿನ ಉಂಡೆಯ ರೀಲಿನ ಹಾಗಿದ್ದರೆ ಅದು ಸ್ಪೂಲ್. ಸುಳ್ಳು ತಿರುವು ಅದರದ್ದೇ. ಸದ್ಯಕ್ಕೆ ತೆಗೆದಿಟ್ಟು ಸಾದಾ ಪಿನ್ ಹಾಕಿ. ಇಟ್ಟುಕೊಂಡೇ ಕಲಿಯುವುದಾದರೆ, ಆ ಪಿನ್ ಎತ್ತುವಾಗ ಪ್ಲಗ್ ಹಿಂದಕ್ಕೆ ತಿರುಗಲು ನೋಡುತ್ತದೆ. ಪಟ್ಟಿಯನ್ನು ಸಡಿಲಿಸಿ ಅದಕ್ಕೆ ದಾರಿ ಬಿಡಿ. ಬೇರೆ ಪಿನ್ ಬಿದ್ದರೆ ಮತ್ತೆ ಕೂರಿಸಿ.