ಸಹಾಯ ಬೇಕು: ಮೊಮ್ಮಕ್ಕಳ ಸೌತೆಬಳ್ಳಿಗೆ ನೊಣದ ಕಾಟ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಹಿತ್ತಲಲ್ಲಿ ಬೆಂಡೆ, ಅಲಸಂದೆ, ಬಸಳೆ ಇದೆ. ಸೌತೆಬಳ್ಳಿ ಮಾತ್ರ ಮೊಮ್ಮಕ್ಕಳದ್ದು. ಬೇಸಿಗೆ ರಜೆಯಲ್ಲಿ ಅವರೇ ಏರಿ ಮಾಡಿ, ಸಗಣಿಗೊಬ್ಬರ ಬೆರೆಸಿ ಬೀಜ ಹಾಕಿದ್ದು. ಈಗ ಶಿವಮೊಗ್ಗದಿಂದ ದಿನಾ ಸಂಜೆ ವಿಡಿಯೋ ಕಾಲ್. "ಅಜ್ಜಿ, ಕಾಯಿ ಎಷ್ಟುದ್ದ ಆಯ್ತು?"

ಏನು ಹೇಳಲಿ? ಮಿಡಿ ಹೆಬ್ಬೆರಳಷ್ಟು ಆಗುವಾಗಲೇ ಸೊಟ್ಟಗಾಗಿ, ಹಳದಿ ತಿರುಗಿ ಉದುರುತ್ತಿದೆ. ನಿನ್ನೆ ಒಂದನ್ನು ಸೀಳಿ ನೋಡಿದೆ. ಹೊರಗೆ ಸೂಜಿ ಚುಚ್ಚಿದಷ್ಟು ತೂತು, ಅದರ ಬಾಯಲ್ಲಿ ಅಂಟು, ಒಳಗೆಲ್ಲ ಬಿಳಿ ಹುಳ. ಹಣ್ಣುನೊಣದ್ದೇ ಕೆಲಸ. ಉದುರಿದ್ದನ್ನು ನೆಲದಲ್ಲಿ ಬಿಟ್ಟರೆ ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ. ಅದಕ್ಕೇ ಎಲ್ಲ ಆರಿಸಿ ಬಚ್ಚಲೊಲೆಗೆ ಹಾಕುತ್ತಿದ್ದೇನೆ.

ವಿಷದ ಔಷಧಿ ಹೊಡೆಯಲು ನನಗೆ ಮನಸ್ಸಿಲ್ಲ. ಮಕ್ಕಳು ಬಳ್ಳಿಯಿಂದ ಕಿತ್ತು, ಲಂಗಕ್ಕೆ ಒರೆಸಿ ಅಲ್ಲೇ ಕಚ್ಚುವವರು. ಗಂಡುನೊಣ ಹಿಡಿಯುವ ಕ್ಯೂಲೂರ್ ಬಲೆ ನಮ್ಮ ಈ ಜಡಿಮಳೆಯಲ್ಲಿ ಯಾರಾದರೂ ಕಟ್ಟಿದ್ದೀರಾ? ಆರು ಬಳ್ಳಿಗೆ ಒಂದು ಸಾಕಾ? ತೀರ್ಥಹಳ್ಳಿ ಪೇಟೆಯಲ್ಲಿ ಸಿಗುತ್ತದಾ? ಮಿಡಿ ಕಚ್ಚಿದ ಮೇಲೆ ಬಟ್ಟೆಚೀಲ ಕಟ್ಟಿದರೆ ಒಳಗೆ ಕೊಳೆಯುತ್ತದಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಚೌತಿಗೆ ಮಕ್ಕಳು ಬರುತ್ತಾರೆ. ನಾಲ್ಕು ಕಾಯಿಯಾದರೂ ಅವರ ಕೈಯಲ್ಲೇ ಕೀಳಿಸಬೇಕು.