‘ಕಂಪ್ಯಾಟಿಬಿಲಿಟಿ ಲೇಯರ್’ಗೆ ಕನ್ನಡದಲ್ಲಿ ಏನೆನ್ನೋಣ?

ಮಾನ್ಯರೇ,

ಶಿರಸಿಯಲ್ಲಿ ನನ್ನ ಅಣ್ಣ ನಡೆಸುವ ಮುದ್ರಣಾಲಯಕ್ಕೆ ಈಚೆಗೆ ಆಪಲ್ ಕಂಪನಿಯ ಮ್ಯಾಕ್ ಕಂಪ್ಯೂಟರ್ ಬಂದಿದೆ. ಅಲ್ಲಿನ ಆಮಂತ್ರಣ ಪತ್ರಿಕೆ, ರಸೀದಿ ಪುಸ್ತಕಗಳ ಹಳೆಯ ಕಡತಗಳು ವಿಂಡೋಸ್‌ಗಾಗಿ ಬರೆದ ಒಂದು ಅಕ್ಷರಜೋಡಣೆ ತಂತ್ರಾಂಶದಲ್ಲಿ ಮಾತ್ರ ತೆರೆದುಕೊಳ್ಳುವುದರಿಂದ, ವೈನ್ ಎಂಬ ‘ಕಂಪ್ಯಾಟಿಬಿಲಿಟಿ ಲೇಯರ್’ (ಒಂದು ವ್ಯವಸ್ಥೆಗೆ ಬರೆದ ತಂತ್ರಾಂಶವನ್ನು ಇನ್ನೊಂದರಲ್ಲಿ ನಡೆಸಿಕೊಡುವ ನಡುವಣ ತಂತ್ರಾಂಶ) ಆಧರಿಸಿದ ಕ್ರಾಸ್‌ಓವರ್ ಎಂಬ ತಂತ್ರಾಂಶದ ನೆರವಿನಿಂದ ಅದನ್ನು ಮ್ಯಾಕ್‌ನಲ್ಲೇ ನಡೆಸುತ್ತಿದ್ದೇವೆ. ಕೆಲಸದ ಹುಡುಗರಿಗೆಂದು ಎರಡು ಪುಟಗಳ ಕನ್ನಡ ಕೈಪಿಡಿ ಬರೆಯಲು ಕುಳಿತಾಗ, ವೈನ್ ಎಂದರೇನು ಎಂದು ಹೇಳಬೇಕಾದ ಮೊದಲ ವಾಕ್ಯದಲ್ಲೇ ಪದ ಸಿಗದೆ ನಿಂತೆ.

‘ಅನುಕರಣಿ’ ಎಂದು ಕೆಲವರು ಬರೆಯುತ್ತಾರೆ. ಅದು ಎಮ್ಯುಲೇಟರ್‌ಗೆ ಸಲ್ಲುವ ಮಾತು. 1993ರಲ್ಲಿ ಆರಂಭವಾದ ವೈನ್ ತಾನು ಎಮ್ಯುಲೇಟರ್ ಅಲ್ಲವೆಂದು ತನ್ನ ಹೆಸರಿನ ವಿಸ್ತರಣೆಯಲ್ಲೇ ಸಾರುತ್ತದೆ. ಎಮ್ಯುಲೇಟರ್ ಒಂದು ಯಂತ್ರದ ನಡೆಯನ್ನೇ ಇನ್ನೊಂದು ಯಂತ್ರದಲ್ಲಿ ಅನುಕರಿಸುತ್ತದೆ. ವೈನ್ ಮಾಡುವುದು ಬೇರೆ: ಹಳೆಯ ತಂತ್ರಾಂಶವು ಕಿಟಕಿ ತೆರೆಯಲು, ಕಡತ ಓದಲು, ಮುದ್ರಕಕ್ಕೆ ಪುಟ ಕಳುಹಿಸಲು ವಿಂಡೋಸನ್ನು ಕರೆದಾಗ, ಆ ಕರೆಗಳಿಗೆ ವೈನ್ ತಾನೇ ಉತ್ತರಿಸಿ, ಕೆಲಸವನ್ನು ಮ್ಯಾಕ್‌ನಿಂದ ಮಾಡಿಸಿಕೊಡುತ್ತದೆ. ವಿಂಡೋಸ್ ಅಲ್ಲಿ ಇರುವುದೇ ಇಲ್ಲ.

‘ಹೊಂದಾಣಿಕೆ ಪದರ’ ಎಂಬುದು ನೇರ ಅನುವಾದ. ಆದರೆ ನಮ್ಮ ಕಡೆ ಅತ್ತೆ–ಸೊಸೆಯರ ನಡುವೆಯೋ ಪಾಲುದಾರರ ನಡುವೆಯೋ ಹೊಂದಾಣಿಕೆಯಾಯಿತು ಎಂದರೆ, ಇಬ್ಬರೂ ಒಂದಿಷ್ಟು ಬಿಟ್ಟುಕೊಟ್ಟರು ಎಂದೇ ಅರ್ಥ. ಇಲ್ಲಿ ಹಳೆಯ ತಂತ್ರಾಂಶದಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಹೊಂದಿಕೊಳ್ಳುವ ಹೊಣೆಯೆಲ್ಲ ನಡುವಿನದ್ದು.

ಕಾರವಾರದ ಸ್ನೇಹಿತರೊಬ್ಬರು ‘ದುಭಾಷಿ’ ಎಂದು ಸೂಚಿಸಿದರು. ಕೊಂಕಣಿಯಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ದಾಟಿಸುವುದು ನಿತ್ಯದ ಸಂಗತಿಯಾಗಿರುವ ಊರಿನಲ್ಲಿ ಅದು ಸಹಜವಾಗಿ ಹೊಳೆಯುವ ಪದ, ನನಗೂ ಇಷ್ಟವಾಯಿತು. ತೊಡಕೆಂದರೆ, 2020ರಿಂದ ಬಂದ ಆಪಲ್‌ನ ಸ್ವಂತ ಚಿಪ್‌ಗಳ ಮ್ಯಾಕ್‌ಗಳಲ್ಲಿ ಇಂಟೆಲ್ ಚಿಪ್‌ಗೆ ಬರೆದ ಆದೇಶಗಳನ್ನು ಹೊಸ ಚಿಪ್‌ನ ಆದೇಶಗಳಾಗಿ ಅನುವಾದಿಸಲು ರೊಸೆಟ್ಟಾ 2 ಎಂಬ ಇನ್ನೊಂದು ತಂತ್ರಾಂಶವಿದೆ. ನಮ್ಮ ಮ್ಯಾಕ್‌ನಲ್ಲಿ ಎರಡೂ ಒಟ್ಟಿಗೆ ದುಡಿಯುತ್ತವೆ. ದುಭಾಷಿ ಎಂಬ ಹೆಸರು ನಿಜವಾಗಿ ಒಪ್ಪುವುದು ರೊಸೆಟ್ಟಾಕ್ಕೆ; ಎರಡಕ್ಕೂ ಅದನ್ನೇ ಇಟ್ಟರೆ ಓದುವವರಿಗೆ ಗೊಂದಲವಾದೀತು.

ನನ್ನ ಮನಸ್ಸು ಈಗ ‘ಓಗೊಡು’ ಎಂಬ ಕ್ರಿಯಾಪದದತ್ತ ಹೋಗಿದೆ. ತಂತ್ರಾಂಶ ಕರೆಯುವುದನ್ನು ಈಗಾಗಲೇ ‘ಕರೆ’ ಎನ್ನುತ್ತೇವಾದ್ದರಿಂದ, ವಿಂಡೋಸನ್ನು ಕರೆದಾಗ ಅದರ ಬದಲಿಗೆ ಓಗೊಡುವುದು ವೈನ್ ಎಂದರೆ ವಿವರಣೆಯೇ ಬೇಕಾಗದು. ಕ್ರಾಸ್‌ಓವರ್‌ನ ‘ಬಾಟಲ್’ ಎಂಬ ಪದಕ್ಕೆ ಇಷ್ಟು ಯೋಚಿಸಬೇಕಾಗಲಿಲ್ಲ. ಪ್ರತಿಯೊಂದು ಬಾಟಲ್ ತನ್ನದೇ ಸಿ ಡ್ರೈವ್ ಇರುವ ಪ್ರತ್ಯೇಕ ಕಟ್ಟು. ಒಂದು ಭರಣಿಯ ಅಪ್ಪೆಮಿಡಿ ಕೆಟ್ಟರೂ ಇನ್ನೊಂದು ಉಳಿಯುವುದನ್ನು ಮನೆಯಲ್ಲಿ ಕಂಡ ಹುಡುಗರು ತಾವಾಗಿಯೇ ಅದನ್ನು ‘ಭರಣಿ’ ಎನ್ನತೊಡಗಿದ್ದಾರೆ.

ನನ್ನ ಪ್ರಶ್ನೆ ಪ್ರತ್ಯಯದ ಕುರಿತದ್ದು. ಓದುಗ, ಕೇಳುಗ, ನೋಡುಗ ಎಂಬಂತೆ ‘ಓಗೊಡುಗ’ ಎನ್ನಬಹುದೇ? ಆ ರೂಪಗಳೆಲ್ಲ ಮನುಷ್ಯರನ್ನು ಸೂಚಿಸುವುದರಿಂದ ತಂತ್ರಾಂಶಕ್ಕೆ ಹೊಂದೀತೇ ಎಂಬ ಅಳುಕು ನನಗಿದೆ. ‘ಬದಲಿ ಓಗೊಡಿಕೆ’ ಎಂದರೆ ಅದು ಸಾಧನದ ಹೆಸರಾಗದೆ ಕ್ರಿಯೆಯ ಹೆಸರಾಗಿ ಕೇಳಿಸುತ್ತದೆ. ವ್ಯಾಕರಣ ಬಲ್ಲವರು ಇವೆರಡರಲ್ಲಿ ಯಾವುದನ್ನು ಒಪ್ಪುತ್ತಾರೆ, ಅಥವಾ ‘ಓಗೊಡು’ವಿನಿಂದಲೇ ಸಾಧನವಾಚಿಯಾದ ಬೇರೆ ರೂಪ ಸಾಧ್ಯವೇ ಎಂಬುದನ್ನು ದಯವಿಟ್ಟು ತಿಳಿಸಬೇಕು.