ಎಕ್ಸ್-ರೇಲಿ ರಕ್ತ ಹರಿಯೋದು ಕಾಣತ್ತಾ? ಆಂಜಿಯೋ ಮಾಡಿಸ್ಕೊಂಡೋರು ಸ್ವಲ್ಪ ಹೇಳಿ

ಅಪ್ಪಂಗೆ 61. ಮೆಟ್ಟಿಲು ಹತ್ತಿದ್ರೆ ಎದೆ ಹಿಡಿದಂಗಾಗತ್ತೆ, ಟ್ರೆಡ್‌ಮಿಲ್ ಟೆಸ್ಟ್ ಮಾಡಿಸಿದ್ವಿ, ಆ ಕಡೆನೂ ಇಲ್ಲ ಈ ಕಡೆನೂ ಇಲ್ಲ ಅನ್ನೋ ಥರ ರಿಪೋರ್ಟ್. ಒಬ್ಬ ಡಾಕ್ಟ್ರು ಮೊದ್ಲು ಸಿಟಿ ಆಂಜಿಯೋ ಸಾಕು ಅಂದ್ರು, ಇನ್ನೊಬ್ರು ನೇರ ಕೈ ಮೂಲಕ ಟ್ಯೂಬ್ ಹಾಕೇ ನೋಡೋಣ ಅಂತಾರೆ. ಎಕ್ಸ್-ರೇ ಅಂದ್ರೆ ಮೂಳೆಗೆ ಅಂದ್ಕೊಂಡಿದ್ದೆ ನಾನು, ರಕ್ತ ಎಷ್ಟು ಹರೀತಿದೆ ಅಂತ ಅದ್ರಲ್ಲಿ ಹೆಂಗೆ ಗೊತ್ತಾಗತ್ತೆ? ಅಪ್ಪಂಗೆ ಶುಗರ್ ಬೇರೆ ಇದೆ, ಮೆಟ್‌ಫಾರ್ಮಿನ್ ತಗೋತಾರೆ.

ಕ್ಯಾತ್‌ಲ್ಯಾಬ್‌ನೋನು: ಹನ್ನೊಂದು ವರ್ಷದಿಂದ ಕ್ಯಾತ್‌ಲ್ಯಾಬ್‌ಲಿ, ಅಂದ್ರೆ ಆಂಜಿಯೋ ಮಾಡೋ ಕೋಣೇಲಿ, ಟೆಕ್ನಿಷಿಯನ್ ನಾನು. ಬರೀ ರಕ್ತ ಎಕ್ಸ್-ರೇಲಿ ಕಾಣಲ್ಲ, ಅದೂ ಸುತ್ತ ಇರೋ ಮಾಂಸನೂ ಒಂದೇ ಬೂದು ಬಣ್ಣ. ಅದಕ್ಕೇ ಅಯೋಡಿನ್ ಇರೋ ಡೈ ಹಾಕೋದು, ಅದು ಎಕ್ಸ್-ರೇನ ಚೆನ್ನಾಗಿ ಹೀರ್ಕೊಳತ್ತೆ, ರಕ್ತದ ಜೊತೆ ತೇಲ್ಕೊಂಡು ಹೋಗ್ತಾ ದಾರಿ ಪೂರ್ತಿ ಕಪ್ಪಗೆ ಬರ್ಕೊಂಡು ಹೋಗತ್ತೆ. ಎಷ್ಟು ಬೇಗ ತುದಿ ಮುಟ್ತು ಅಂತ ನೋಡಿ ಡಾಕ್ಟ್ರು ಟಿಮಿ ಅನ್ನೋ ಅಳತೇಲಿ 0ರಿಂದ 3ರ ತನಕ ಗ್ರೇಡ್ ಕೊಡ್ತಾರೆ, 0 ಅಂದ್ರೆ ಬ್ಲಾಕ್ ಹತ್ರನೇ ನಿಂತ್‌ಹೋಯ್ತು, 3 ಅಂದ್ರೆ ಸಲೀಸಾಗಿ ಓಡ್ತು. ಇನ್ನೂ ಕರೆಕ್ಟಾಗಿ ಬೇಕಂದ್ರೆ ಫ್ರೇಮ್ ಎಣಿಸೋದು, 1996ರಲ್ಲಿ ಬಂದ ಪದ್ಧತಿ. ಸೆಕೆಂಡಿಗೆ 30 ಫ್ರೇಮ್ ಲೆಕ್ಕದಲ್ಲಿ ಹೃದಯದ ಮುಂದಿನ ಎಡ ರಕ್ತನಾಳದಲ್ಲಿ ಡೈ ತುದಿ ಮುಟ್ಟೋಕೆ ನಾರ್ಮಲಾಗಿ ಸುಮಾರು 36 ಫ್ರೇಮ್, ಅಂದ್ರೆ 1.2 ಸೆಕೆಂಡ್ ಅಷ್ಟೆ. ಆ ನಾಳ ಉಳಿದವಕ್ಕಿಂತ ಉದ್ದ, ಅದಕ್ಕೆ 1.7ರಿಂದ ಭಾಗಿಸಿ 21 ಅಂತಾರೆ. ಕೈಲಿ ಕೂತು ಎಣಿಸಿದೀನಿ, ಕಣ್ಣು ಉರಿಯತ್ತೆ.

ಸ್ಟೆಂಟ್ ತಪ್ಪಿಸ್ಕೊಂಡೋಳು: ನಂದು ಎರಡೂ ಆಗಿದೆ. ಸಿಟಿಗೆ ಹೋದಾಗ ಪಲ್ಸ್ 84 ಇತ್ತು, ಇಷ್ಟಿದ್ರೆ ಹೃದಯದ ಚಿತ್ರ ಕಲಸೋಗತ್ತೆ ಅಂತ ಪಲ್ಸ್ ಇಳಿಸೋ ಮಾತ್ರೆ ಕೊಟ್ಟು ಒಂದು ಗಂಟೆ ಕೂರ್ಸಿದ್ರು. (ಅಪ್ಪಂಗೆ ಆಸ್ತಮಾ ಇದ್ರೆ ಆ ಮಾತ್ರೆಗೆ ಮುಂಚೆನೇ ಹೇಳ್ಬಿಡಿ.) ನಾಲಿಗೆ ಕೆಳಗೆ ರಕ್ತನಾಳ ಹಿಗ್ಗಿಸೋ ಸ್ಪ್ರೇ ಹೊಡೆದ್ರು, ತಲೆ ಸಿಡೀತು. ಡೈ ಹೋದಾಗ ಗಂಟಲಿಂದ ಸೊಂಟದ ತನಕ ಬಿಸಿ ಇಳೀತು ನೋಡಿ, ಅಯ್ಯೋ ಬಟ್ಟೆ ಒದ್ದೆ ಮಾಡ್ಕೊಂಡ್ನಾ ಅಂತ ಗಾಬರಿ ಆದೆ, ಏನೂ ಆಗಿರ್ಲಿಲ್ಲ, ತುಂಬಾ ಜನಕ್ಕೆ ಹಂಗೇ ಅನ್ಸತ್ತಂತೆ.

ರಿಪೋರ್ಟಲ್ಲಿ 60% ಬ್ಲಾಕ್ ಅಂತ ಬಂತು. ಆವತ್ತು ರಾತ್ರಿ ನಿದ್ದೆ ಇಲ್ಲ, ಮನೆಯೋರೆಲ್ಲ ಸ್ಟೆಂಟ್ ಹಾಕ್ಸು ಹಾಕ್ಸು ಅಂತ ಶುರು. ಆಮೇಲೆ ಕೈಯಿಂದ ಹೋಗಿ ಬ್ಲಾಕ್ ದಾಟಿಸಿ ಒಂದು ತೆಳ್ಳನೆ ವೈರ್ ಹಾಕಿ ಎಫ್‌ಎಫ್‌ಆರ್ (ಬ್ಲಾಕ್ ದಾಟಿ ರಕ್ತ ಸಾಕಷ್ಟು ಹೋಗ್ತಿದ್ಯಾ ಅಂತ ತೋರ್ಸೋ ಅಂಕಿ) ನೋಡಿದ್ರು, 0.86. 0.80 ಅಥವಾ ಅದಕ್ಕಿಂತ ಕಮ್ಮಿ ಇದ್ರೆ ಮಾತ್ರ ತೊಂದ್ರೆ ಅಂತೆ. ಸ್ಟೆಂಟ್ ಬೇಡ, ಮಾತ್ರೆ ಸಾಕು ಅಂದ್ರು. ಅಂದ್ರೆ 60 ಅನ್ನೋದು ಪೈಪ್ ಎಷ್ಟು ಕಿರಿದಾಗಿದೆ ಅಂತ ಹೇಳಿದ್ದು, ನೀರು ಸಾಲ್ತಿದ್ಯಾ ಇಲ್ವಾ ಅಂತಲ್ಲ.

ಕ್ಯಾತ್‌ಲ್ಯಾಬ್‌ನೋನು: ಸರಿಯಾಗಿ ಹೇಳಿದ್ರಿ. ಒಂದು ತಿದ್ದುಪಡಿ, ವೈರ್ ಅಳೆಯೋದು ಪ್ರೆಷರ್ರು, ಬ್ಲಾಕಿನ ಆಚೆ ಎಷ್ಟು ಈಚೆ ಎಷ್ಟು ಅಂತ. ಈಗ ಸಿಟಿ ಚಿತ್ರದಿಂದಲೇ ಕಂಪ್ಯೂಟರ್ ಲೆಕ್ಕ ಹಾಕಿ ಎಫ್‌ಎಫ್‌ಆರ್ ಅಂದಾಜು ಕೊಡತ್ತೆ, ಎಲ್ಲಾ ಕಡೆ ಇರಲ್ಲ, ಕೇಳಿ ನೋಡಿ.

ಅಮ್ಮನ ಮಗ: ಹೃದಯದ್ದಲ್ಲ, ಮೆದುಳಿನ ವಿಷ್ಯ, ಆದ್ರೂ ಹೇಳ್ತೀನಿ. ಅಮ್ಮ ಬೆಳಗ್ಗೆ ಎದ್ದಾಗ ಬಲಗೈ ಬಿದ್ದೋಗಿತ್ತು, ರಾತ್ರಿ ಎಷ್ಟೊತ್ತಿಗೆ ಸ್ಟ್ರೋಕ್ ಆಯ್ತು ಅಂತ ಯಾರಿಗೂ ಗೊತ್ತಿಲ್ಲ. ಸಿಟಿ ಪರ್ಫ್ಯೂಷನ್ (ಮೆದುಳಲ್ಲಿ ರಕ್ತ ಎಲ್ಲೆಲ್ಲಿ ತಲುಪ್ತಿದೆ ಅಂತ ನೋಡೋ ಸ್ಕ್ಯಾನ್) ಮಾಡಿದ್ರು, ಡೈ ಬರೋದು ಹೋಗೋದು ಪೂರ್ತಿ ಸಿಗ್ಲಿ ಅಂತ ಒಂದು ನಿಮಿಷದ ಹತ್ತಿರ ಒಂದೇ ಜಾಗ ಮತ್ತೆ ಮತ್ತೆ ಸ್ಕ್ಯಾನ್, ತಲೆ ಅಲ್ಲಾಡ್ದಂಗೆ ಬೆಲ್ಟ್ ಕಟ್ಟಿದ್ರು. ಆಮೇಲೆ ಬಣ್ಣದ ಮ್ಯಾಪ್ ತೋರ್ಸಿ, ಇಷ್ಟು ಭಾಗ ಹೋಯ್ತು, ಇಷ್ಟು ರಕ್ತಕ್ಕೆ ಕಾಯ್ತಾ ಇದೆ ಅಂದ್ರು. ಅದನ್ನ ನೋಡೇ ಹೆಪ್ಪುಗಟ್ಟಿದ್ದ ರಕ್ತದ ಗಡ್ಡೆ ತೆಗೆದ್ರು. 2018ರಲ್ಲಿ ಬಂದ ಸ್ಟಡಿಗಳ ಮೇಲೆ ಆಯ್ದ ಪೇಷೆಂಟ್‌ಗಳಿಗೆ 24 ಗಂಟೆ ತನಕನೂ ಮಾಡ್ತಾರಂತೆ. ಅಮ್ಮ ಈಗ ಬಲಗೈಲೇ ಬಾಚಣಿಗೆ ಹಿಡೀತಾರೆ.

ಸುಮ್ನೆ ಓದೋನು: ಡೈ ಹಾಕ್ತಾರೆ ಅಂತ ಮೆಟ್‌ಫಾರ್ಮಿನ್ ನೀವೇ ನಿಲ್ಲಿಸ್ಬೇಡಿ, ಕಿಡ್ನಿ ಟೆಸ್ಟ್ ನೋಡಿ ಡಾಕ್ಟ್ರು ಹೇಳ್ತಾರೆ. ಹಿಂದೆ ಯಾವಾಗಾದ್ರೂ ಡೈ ಹಾಕಿದಾಗ ಮೈ ದದ್ದು ಎದ್ದಿದ್ರೆ ಅದನ್ನ ಹೇಳೋದು ಮರೀಬೇಡಿ. ಮೀನು ಆಗದೋರಿಗೆ ಡೈನೂ ಆಗಲ್ಲ ಅಂತಾರಲ್ಲ, ಅದು ಬರೀ ಕಂತೆ.

ಕೇಳಿದೋಳು: ಎಲ್ಲರಿಗೂ ಥ್ಯಾಂಕ್ಸ್. ಕಿಡ್ನಿ ಟೆಸ್ಟಲ್ಲಿ ಕ್ರಿಯಾಟಿನಿನ್ 1.1 ಬಂದಿದೆ, ಮೊದ್ಲು ಸಿಟಿನೇ ಅಂತ ಆಯ್ತು. ಸ್ಕ್ಯಾನಲ್ಲಿ ಉಸಿರು ಬಿಗಿ ಹಿಡೀಬೇಕಂತೆ, ಎಷ್ಟೊತ್ತು?

ಕ್ಯಾತ್‌ಲ್ಯಾಬ್‌ನೋನು: ಹತ್ತು ಸೆಕೆಂಡ್ ಅಂತ ರೂಢಿ ಮಾಡಿಸಿ. ಹೊಟ್ಟೆ ಉಬ್ಬೋ ಹಂಗೆ ಎಳೀಬೇಡಿ ಅನ್ನಿ, ಪ್ರತಿ ಸಲ ಒಂದೇ ಅಳತೆ ಉಸಿರು.

ಕೇಳಿದೋಳು: ಸೋಫಾ ಮೇಲೆ ಮಲಗ್ಸಿ ಪ್ರಾಕ್ಟೀಸ್ ನಡೀತಿದೆ. ಏಳಕ್ಕೆ ಬರೋಷ್ಟ್ರಲ್ಲಿ ಅಪ್ಪ ನಕ್ಕುಬಿಡ್ತಾರೆ.